ನೋರೀನಳ ಬೆರಳು

ವಾರಂಬಾ ಕಣಿವೆಯಲ್ಲಿ ನಾಯಿ ಸಾಕಿದವರೆಲ್ಲ ಸಂಜೆ ನಾಲ್ಕಾಯಿತೆಂದರೆ ನೋರೀನ್ ಮಲ್ವೇನಿಯ ಜಗಲಿ ಹತ್ತುತ್ತಿದ್ದರು. ಆಗಸ್ಟ್ ಮುಗಿದು ಮೊದಲ ಬೆಚ್ಚಗಿನ ಮಳೆ ಬಿತ್ತೋ, ಹಳ್ಳದಂಚಿನ ಪೊದೆಗಳಿಂದ ಹೆಗ್ಗಣದಂಥ ಬ್ಯಾಂಡಿಕೂಟುಗಳು ಅಂಗಳಕ್ಕೆ ಇಳಿಯುತ್ತವೆ, ಅವುಗಳ ಮೈಮೇಲೆ ಸವಾರಿ ಮಾಡಿಕೊಂಡು ಉಣ್ಣಿಯೂ ಬರುತ್ತದೆ. ಚಿಗಟವಾದರೆ ಬಿಡಿ, ಕಚ್ಚುತ್ತದೆ, ನಾಯಿ ಕೆರೆದುಕೊಳ್ಳುತ್ತದೆ, ಕಥೆ ಮುಗಿಯಿತು. ಈ ಉಣ್ಣಿ ಹಾಳಾದ್ದು ಎಳ್ಳಿನಷ್ಟಿರುತ್ತದೆ. ಕೂದಲ ಬುಡಕ್ಕೆ ಕಚ್ಚಿಕೊಂಡು ಕೂತರೆ ನಾಲ್ಕು ದಿನಕ್ಕೆ ನಾಯಿಯ ಹಿಂಗಾಲಿನ ಶಕ್ತಿ ಹೋಗುತ್ತದೆ, ಆಮೇಲೆ ಗಂಟಲು, ಆಮೇಲೆ ಉಸಿರು.

ಅದನ್ನು ಹುಡುಕುವುದರಲ್ಲಿ ನೋರೀನಳನ್ನು ಮೀರಿಸುವವರು ಇರಲಿಲ್ಲ. ಅರವತ್ತೆರಡು ವರ್ಷದ ಹೆಂಗಸು, ಮೂವತ್ತು ವರ್ಷದಿಂದ ಇದೇ ಕೆಲಸ. ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಮೂತಿಯಿಂದ ಶುರುಮಾಡಿ ತುಟಿ, ಕಿವಿಯ ಮಡಿಕೆ, ಗಲ್ಲ, ಕಂಕುಳು, ಕಾಲ್ಬೆರಳ ಸಂದು, ಬಾಲದ ಬುಡದವರೆಗೆ ಬೆರಳಾಡಿಸುತ್ತಿದ್ದಳು. "ಇಲ್ಲಿದಾನೆ ಕಳ್ಳ" ಎಂದು ಚಿಮುಟದಿಂದ ಕಿತ್ತು ತೋರಿಸುವಾಗ ಅವಳ ಮುಖ ನೋಡಬೇಕಿತ್ತು, ಮದುವೆಯ ದಿನವೂ ಅಷ್ಟು ಬೀಗಿರಲಿಕ್ಕಿಲ್ಲ. ಜನ ಮೊಟ್ಟೆ ತಂದುಕೊಡುತ್ತಿದ್ದರು, ಜಾಮ್ ತಂದುಕೊಡುತ್ತಿದ್ದರು, ಊರ ಸುದ್ದಿಯೆಲ್ಲ ತಂದು ಸುರಿಯುತ್ತಿದ್ದರು. ಗಂಡ ಸತ್ತ ಮೇಲೆ ಅವಳ ಜಗಲಿ ಭಣಗುಟ್ಟದೆ ಉಳಿದದ್ದು ಆ ಹತ್ತು ಬೆರಳಿನಿಂದ.

ಈ ವರ್ಷ ಏಪ್ರಿಲ್‌ನಲ್ಲಿ ಆ ಬೆರಳುಗಳು ಸತ್ತವು. ಸಕ್ಕರೆ ಕಾಯಿಲೆ ಹತ್ತು ವರ್ಷದ್ದು. ಮೊದಲು ಜೋಮು, ಆಮೇಲೆ ಸೂಜಿ ಚುಚ್ಚಿದಂತೆ, ಆಮೇಲೆ ಏನೂ ಇಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಕನ್ನಡಿ ನೋಡಬೇಕಾಯಿತು. ಪೇಟೆಯ ಡಾಕ್ಟರು "ಇದು ಇನ್ನು ವಾಪಸ್ ಬರಲ್ಲ" ಎಂದಾಗ ನೋರೀನ್ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು, ಯಾರಿಗೂ ಹೇಳಲಿಲ್ಲ. ಆ ಸೀಮೆಯಲ್ಲಿ ಆಗಸ್ಟ್ ಕಳೆಯುವವರೆಗೂ ಚಳಿಗಾಲ, ಉಣ್ಣಿ ಇರಲಿಲ್ಲ. ಸೆಪ್ಟೆಂಬರ್ ಬರುವಷ್ಟರಲ್ಲಿ ಏನಾದರೂ ಆಗುತ್ತದೆ ಎಂದುಕೊಂಡಳು. ಏನಾಗಬೇಕಿತ್ತು? ಸೆಪ್ಟೆಂಬರ್ ಬಂತು, ನಾಯಿಗಳು ಬಂದವು, ಇವಳು ಹಿಂದಿನಂತೆಯೇ ಕಣ್ಣು ಮುಚ್ಚಿ ಕೂತು ಕೈಯಾಡಿಸಿದಳು. ಕಣ್ಣು ತೆರೆದು ಹುಡುಕಿದರೆ ಯಾಕೆಂದು ಜನ ಕೇಳಿಯಾರು ಎಂಬ ಭಯ.

ಅವಳ ತಮ್ಮನ ಮಗ ಕೀರನ್, ಅವಳ ಕೈಯಲ್ಲೇ ಬೆಳೆದವನು, ಪಕ್ಕದ ತೋಟದಲ್ಲಿ ಎಂಬತ್ತು ದನ ಸಾಕಿದ್ದ. ಎರಡು ವರ್ಷದ ಹಿಂದೆ ನ್ಯೂಕ್ಯಾಸಲ್ ಪೇಟೆಯಿಂದ ಟೆಗನ್ ಎಂಬ ಹುಡುಗಿಯನ್ನು ಮದುವೆಯಾಗಿ ಕರೆತಂದಿದ್ದ. ಅವನಿಗೆ ಹೆಂಡತಿಗಿಂತ ಒಂದು ಗುಂಜಿ ಹೆಚ್ಚೇ ಎನ್ನುವಂತಿದ್ದದ್ದು ಟಿಲ್ಲಿ ಎಂಬ ಕಪ್ಪು ಕೆಲ್ಪಿ ನಾಯಿ. ಒಂದು ಸಿಳ್ಳೆ ಹಾಕಿದರೆ ಎಂಬತ್ತು ದನವನ್ನೂ ಒಂದೇ ಗೇಟಿನಲ್ಲಿ ನುಗ್ಗಿಸುವ ನಾಯಿ. ಸಂಜೆ ಅದು ತಾನಾಗಿಯೇ ಬೇಲಿ ಹಾರಿ ಬಂದು ನೋರೀನಳ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿತ್ತು.

ಸೆಪ್ಟೆಂಬರ್ ಮೊದಲ ವಾರ ಟೆಗನ್ ಪೇಟೆಯ ಪ್ರಾಣಿ ಡಾಕ್ಟರ ಹತ್ತಿರ ಹೋಗಿ ಮಾತ್ರೆಯ ಡಬ್ಬಿ ತಂದಳು. ಜಗಲಿಯಲ್ಲಿ ಅದನ್ನು ತೋರಿಸಿ, "ಅತ್ತೆ, ತಿಂಗಳಿಗೊಂದು ಕೊಟ್ರೆ ಸಾಕಂತೆ. ಉಣ್ಣಿ ಕಚ್ಚಿದ್ರೂ ತಾನೇ ಸತ್ತು ಬೀಳುತ್ತಂತೆ. ಟಿಲ್ಲಿಗೆ ಇವತ್ತೇ ಕೊಡ್ಲಾ?" ಎಂದಳು.

"ಮಾತ್ರೆನಾ?" ನೋರೀನ್ ಡಬ್ಬಿಯನ್ನು ದೂರ ಹಿಡಿದು ನೋಡಿದಳು. "ಯಾಕಮ್ಮ, ನಾನು ಸತ್ತಿದೀನಾ? ದಿನಾ ನೋಡ್ತಾ ಇಲ್ವಾ ನಾನು? ಅದರ ಹೊಟ್ಟೆಗ್ಯಾಕೆ ವಿಷ ಹಾಕ್ತೀಯ? ಹೋದ ವರ್ಷ ಆ ಕಡೆ ಕಣಿವೇಲಿ ಒಂದು ನಾಯಿ ಇದನ್ನೇ ತಿಂದು ಫಿಟ್ಸ್ ಬಂದು ಬಿದ್ದಿತ್ತು. ಎತ್ತಿಡು ಒಳಗೆ."

"ಡಾಕ್ಟ್ರು ಹೇಳಿದ್ರು..."

"ಡಾಕ್ಟ್ರು ಮಾರೋಕೆ ಕೂತಿದಾರೆ. ಎತ್ತಿಡು ಅಂದ್ನಲ್ಲ."

ಹುಡುಗಿ ಎತ್ತಿಟ್ಟಳು. ಊರಿಗೆ ಹೊಸಬಳು, ದೊಡ್ಡವರ ಮಾತಿಗೆ ಎದುರಾಡಿದಳು ಅನ್ನಿಸಿಕೊಳ್ಳುವುದು ಯಾಕೆ ಎಂದುಕೊಂಡಿರಬೇಕು. ನೋರೀನಳಿಗೆ ಫಿಟ್ಸ್‌ನ ಚಿಂತೆಯೇನೂ ಇರಲಿಲ್ಲ, ಆ ಕಡೆ ಕಣಿವೆಯ ನಾಯಿಯ ಕಥೆ ನಿಂತ ನಿಲುವಿನಲ್ಲಿ ಹುಟ್ಟಿದ್ದು. ಇವತ್ತು ಟಿಲ್ಲಿಗೆ ಮಾತ್ರೆ, ನಾಳೆ ಕಣಿವೆಯ ನಾಯಿಗಳಿಗೆಲ್ಲ ಮಾತ್ರೆ, ಆಮೇಲೆ ಈ ಜಗಲಿಗೆ ಯಾರು ಬರುತ್ತಾರೆ? ಇದು ಅವಳ ಹೊಟ್ಟೆಯೊಳಗಿದ್ದ ಮಾತು.

ಎರಡು ವಾರ ಕಳೆಯಿತು. ಭಾನುವಾರ ಬೆಳಿಗ್ಗೆ ಟಿಲ್ಲಿಯ ಬೊಗಳಿಕೆ ಗೊಗ್ಗರಾಗಿತ್ತು. ಗಾಡಿಯ ಹಿಂಬದಿಗೆ ಹಾರಲು ಹೋಗಿ ಹಿಂಗಾಲು ಕುಸಿದು ಕೆಳಗೆ ಬಿತ್ತು, ಮತ್ತೆ ಎದ್ದು ನಾಚಿಕೆಯಾದಂತೆ ಬಾಲ ಆಡಿಸಿತು. ಕೀರನ್ ಅದನ್ನು ಎತ್ತಿಕೊಂಡು ಒಂದು ಗಂಟೆಯ ದಾರಿಯನ್ನು ಮುಕ್ಕಾಲು ಗಂಟೆಯಲ್ಲಿ ಓಡಿಸಿದ. ಡಾಕ್ಟರು ಮೈಯೆಲ್ಲ ಬೋಳಿಸಿ ನೋಡಿದರು. ಗಲ್ಲದ ಕೆಳಗಿನ ಮಡಿಕೆಯಲ್ಲಿ ರಕ್ತ ಕುಡಿದು ಹರಳು ಬೀಜದಷ್ಟು ದಪ್ಪವಾದ ಉಣ್ಣಿ ಸಿಕ್ಕಿತು. ಚುಚ್ಚುಮದ್ದು ಕೊಟ್ಟರು, ಆಮ್ಲಜನಕ ಇಟ್ಟರು. ಸೋಮವಾರ ಮಧ್ಯಾಹ್ನ ಟಿಲ್ಲಿ ಸತ್ತಿತು.

ಅದನ್ನು ಕಂಬಳಿಯಲ್ಲಿ ಸುತ್ತಿ ತಂದು ಗೇಟಿನ ಹತ್ತಿರ ಹೂತರು. ಗುಂಡಿ ತೋಡಲು ಬಂದಿದ್ದ ನೆರೆಯ ಮುದುಕ ಮರ್ವ್ ಟ್ವೀಡಿ, ನೋರೀನ್, ಟೆಗನ್ ಎಲ್ಲರೂ ಜಗಲಿಯಲ್ಲಿ ಚಹಾ ಹಿಡಿದು ಕೂತರು. ಕೀರನ್ ಕೂರಲಿಲ್ಲ.

"ನಾಲ್ಕು ದಿನದಿಂದ ಅಲ್ಲೇ ಇತ್ತಂತೆ," ಎಂದ. "ಮಾತ್ರೆ ಕೊಟ್ಟಿದ್ರಾ ಅಂತ ಕೇಳಿದ್ರು ಡಾಕ್ಟ್ರು. ನಾನು ಹೂಂ ಅಂದೆ, ಪೆದ್ದನ ಹಾಗೆ! ಮನೆಗೆ ಬಂದು ನೋಡಿದ್ರೆ ಡಬ್ಬಿ ಒಡೆದೇ ಇಲ್ಲ. ಏನೇ ಟೆಗನ್, ಶೋಕಿಗೆ ತಂದಿಟ್ಟಿದ್ಯಾ?"

"ಅತ್ತೇನೇ ಬೇಡ ಅಂದ್ರು," ಎಂದಳು ಟೆಗನ್. "ಎತ್ತಿಡು ಅಂದ್ರು. ಕೇಳಿ ಬೇಕಾದ್ರೆ."

ಎಲ್ಲರೂ ನೋರೀನಳ ಕಡೆ ತಿರುಗಿದರು. ಹೇಳಬಹುದಿತ್ತು. ಹೌದು ನಾನೇ ಅಂದೆ, ಗುರುವಾರದಿಂದ ಅದರ ಗಲ್ಲದ ಮೇಲೆ ಕೈಯಾಡಿಸಿದ್ದೂ ನಾನೇ ಎಂದು ಎರಡು ಮಾತು. ಅಯ್ಯೋ, ಆ ಎರಡು ಮಾತು ಬಾಯಿಗೆ ಬರಲಿಲ್ಲ.

"ನಾನ್ಯಾಕೆ ಬೇಡ ಅನ್ನಲಿ?" ಎಂದಳು. "ನಿನ್ನಿಷ್ಟ ಕಣಮ್ಮ ಅಂದೆ." ಅಷ್ಟಕ್ಕೆ ನಿಲ್ಲಿಸಿದ್ದರೆ ಒಂದೇ ಪಾಪವಾಗುತ್ತಿತ್ತು. ನಾಲಿಗೆ ನಿಲ್ಲಲಿಲ್ಲ. "ಗುರುವಾರ ನಾನು ಗಲ್ಲದ ಹತ್ತಿರ ಬರೋ ಅಷ್ಟರಲ್ಲಿ ಇವಳು ಅವಸರ ಮಾಡಿ ನಾಯಿನ ಕರ್ಕೊಂಡು ಹೋದ್ಲು. ಆಮೇಲೆ ಎರಡು ದಿನ ಟಿಲ್ಲಿ ಇತ್ತ ಬರಲೇ ಇಲ್ಲ."

ಟೆಗನ್ ಚಹಾದ ಲೋಟ ಕೆಳಗಿಟ್ಟಳು. ಮರ್ವ್ ತಲೆಯಲ್ಲಾಡಿಸಿ, "ಪೇಟೆ ಹುಡುಗೀರು, ಎಲ್ಲದಕ್ಕೂ ಗಡಿಬಿಡಿ," ಎಂದು ಗೊಣಗಿದ. ಕೀರನ್ ಹೆಂಡತಿಯನ್ನು ನೋಡಿದ ನೋಟವನ್ನು ನೋರೀನ್ ನೋಡಲಾರದೆ ಎದ್ದು, ಒಲೆಯ ಮೇಲೆ ಕುದಿಯುತ್ತಿದ್ದ ಚಹಾವನ್ನು ತಗಡಿನ ಲೋಟಕ್ಕೆ ಬಗ್ಗಿಸಿಕೊಂಡು ಬಂದಳು. ಹಿಡಿಯನ್ನು ಹಿಡಿಯದೆ ಲೋಟವನ್ನೇ ಅಂಗೈಯಲ್ಲಿ ಬಳಸಿ ಹಿಡಿದಿದ್ದಳು. ಹಬೆ ಏಳುತ್ತಿತ್ತು. ಟೆಗನ್ ಆ ಕೈಯನ್ನೇ ದಿಟ್ಟಿಸುತ್ತಿದ್ದಳು.

ಆ ವಾರ ಜಗಲಿಯಲ್ಲಿ ಜಾಗ ಸಾಲಲಿಲ್ಲ. ಟಿಲ್ಲಿ ಸತ್ತ ಸುದ್ದಿ ಕೇಳಿ ಹೆದರಿದವರೆಲ್ಲ ನಾಯಿ ಕಟ್ಟಿಕೊಂಡು ಬಂದರು. ಎರಡು ಮೈಲಿ ಆಚೆಯವರೂ ಬಂದರು. "ನೀನೊಬ್ಬಳು ಇದೀಯಲ್ಲ ತಾಯಿ, ಅಷ್ಟೇ ಧೈರ್ಯ," ಎಂದರು. ನೋರೀನ್ ಪ್ರತಿ ನಾಯಿಯ ಮೇಲೂ ಕೈಯಾಡಿಸಿ "ಹೋಗಿ, ಚೊಕ್ಕ ಇದೆ" ಎಂದಳು. ಅವರು ಹೋದ ಮೇಲೆ ಸ್ನಾನದ ಮನೆಗೆ ಹೋಗಿ ಬೆರಳುಗಳನ್ನು ಬಾಗಿಲ ಸಂದಿಗಿಟ್ಟು ಅದುಮಿ ನೋಡಿದಳು. ಉಗುರು ಕಪ್ಪಾಯಿತೇ ಹೊರತು ಏನೂ ತಿಳಿಯಲಿಲ್ಲ.

ಶನಿವಾರ ಮಧ್ಯಾಹ್ನ, ಇನ್ನೂ ಯಾರೂ ಬಂದಿರದ ಹೊತ್ತಿಗೆ, ಟೆಗನ್ ತನ್ನ ಮುದಿ ಬಿಳಿ ನಾಯಿ ಬಿಸ್ಕೆಟ್ಟನ್ನು ಎತ್ತಿಕೊಂಡು ಬಂದಳು. ತವರಿನಿಂದ ತಂದುಕೊಂಡ ನಾಯಿ ಅದು.

"ಇವನ್ನ ಸ್ವಲ್ಪ ನೋಡಿ ಅತ್ತೆ. ಗಲ್ಲದ ಹತ್ತಿರ ಏನೋ ಇದ್ದ ಹಾಗಿದೆ."

ಇಷ್ಟಾದರೂ ಬಂದಳಲ್ಲ ಎಂದು ನೋರೀನಳಿಗೆ ಮೈ ಬೆಚ್ಚಗಾಯಿತು. ಕಣ್ಣು ಮುಚ್ಚಿ ಗಲ್ಲದ ಕೆಳಗೆ ನಿಧಾನವಾಗಿ ಎರಡು ಸುತ್ತು ಬೆರಳಾಡಿಸಿದಳು. "ಏನಿಲ್ಲಮ್ಮ. ಚೊಕ್ಕ ಇದೆ."

"ಇನ್ನೊಂದ್ಸಲ ನೋಡಿ."

"ಇಲ್ಲ ಅಂದ್ರೆ ಇಲ್ಲ ಕಣೆ."

ಟೆಗನ್ ನಾಯಿಯ ಗಲ್ಲ ಎತ್ತಿ ಕೂದಲು ಬಿಡಿಸಿದಳು. ಬಾರ್ಲಿ ಕಾಳೊಂದನ್ನು ದಾರದಲ್ಲಿ ಕೂದಲಿಗೆ ಬಿಗಿಯಾಗಿ ಕಟ್ಟಿದ್ದಳು. ಕಿವಿಯ ಹಿಂದೆ ಇನ್ನೊಂದು, ಕಂಕುಳಲ್ಲಿ ಮತ್ತೊಂದು.

ನೋರೀನ್ ಕಾಳನ್ನು ನೋಡಿದಳು, ಹುಡುಗಿಯ ಮುಖ ನೋಡಿದಳು.

"ಎಷ್ಟು ದಿನ ಆಯ್ತು?" ಎಂದಳು ಟೆಗನ್.

"ಏಪ್ರಿಲ್‌ನಿಂದ."

"ಏಪ್ರಿಲ್!" ಟೆಗನ್ ನಕ್ಕಳು, ಕೆಟ್ಟ ನಗೆ. "ಗೊತ್ತಿದ್ದೂ ಮಾತ್ರೆ ಬೇಡ ಅಂದ್ರಿ. ಗೊತ್ತಿದ್ದೂ ನನ್ನ ತಲೆಗೆ ಕಟ್ಟಿದ್ರಿ. ಐದು ದಿನದಿಂದ ಅವನು ನನ್ನ ಜೊತೆ ಮಾತಾಡಿಲ್ಲ, ಗೊತ್ತಾ? ನಾನು ಮಾಡಿದ ಊಟ ಮುಟ್ತಾ ಇಲ್ಲ. ಅಂಗಡೀಲಿ ಜನ ನನ್ನ ನೋಡಿ ಗುಸುಗುಸು ಅಂತಾರೆ. ಹೇಳಿ ಅತ್ತೆ, ನಿಮ್ಮ ಬಾಯಲ್ಲೇ ಅವನಿಗೆ ಹೇಳಿ. ಇವತ್ತೇ."

ನೋರೀನಳೊಳಗೆ ಏನೋ ಹೆದರಿ ಹೆಡೆಯೆತ್ತಿತು. "ನೀನೇ ಹೋಗಿ ಹೇಳ್ಕೊ," ಎಂದಳು. "ಯಾರು ನಂಬ್ತಾರೆ ನಿನ್ನ?"

ಅಂದದ್ದೇ ತಡ, ಅವಳಿಗೆ ತನ್ನ ದನಿ ಕೇಳಿ ತನಗೇ ಹೇಸಿಗೆಯಾಯಿತು. ಇಷ್ಟು ನೀಚ ಮಾತು ತನ್ನ ಬಾಯಿಂದ ಬಂದದ್ದೇ?

"ಯಾರೂ ನಂಬಲ್ಲ," ಎಂದಳು ಟೆಗನ್. "ಗೊತ್ತಿದೆ ನಂಗೆ. ಅದಕ್ಕೇ ಅವನ ಹತ್ರ ಹೋಗದೆ ನಿಮ್ಮ ಹತ್ರ ಬಂದೆ." ದಾರ ಕಡಿದು ಮೂರು ಕಾಳನ್ನೂ ಕಿತ್ತು ಅಂಗಳಕ್ಕೆಸೆದಳು. ನಾಯಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದಳು. ಅವಳ ಕಾರಿನ ಹಿಂದಿನ ಸೀಟಿನಲ್ಲಿ ಎರಡು ದೊಡ್ಡ ಸೂಟ್‌ಕೇಸ್ ಇದ್ದದ್ದು ನೋರೀನಳಿಗೆ ಕಂಡದ್ದು ಆಗಲೇ.

"ಟೆಗನ್! ನಿಲ್ಲೇ! ಎಲ್ಲಿಗೆ?"

ಕಾರು ನ್ಯೂಕ್ಯಾಸಲ್ ರಸ್ತೆಯ ಕಡೆ ತಿರುಗಿತು.

ನೋರೀನ್ ಅಲ್ಲೇ ಕೂತಳು. ಅಳು ಬಂತು, ಅತ್ತಳು. ಅಳು ಮುಗಿದ ಮೇಲೆ ಹೇಳಿಬಿಡುತ್ತೇನೆ ಎಂದು ನಿಶ್ಚಯಿಸಿದಳು. ಈ ಬೆರಳಿನ ಮರ್ಯಾದೆ ಮಣ್ಣುಪಾಲಾಗಲಿ, ನಾಳೆಯಿಂದ ಜಗಲಿಗೆ ಒಂದು ನರಪಿಳ್ಳೆ ಬರದಿರಲಿ, ಹುಡುಗಿಯ ಸಂಸಾರವಾದರೂ ಉಳಿಯಲಿ.

ನಾಲ್ಕು ಗಂಟೆಗೆ ಜಗಲಿ ತುಂಬಿತು. ಮರ್ವ್ ತನ್ನ ಕುಳ್ಳ ನಾಯಿಯೊಂದಿಗೆ ಮುಂದಿದ್ದ. ಕೀರನ್ ಕೈಯಲ್ಲೊಂದು ಚೀಟಿ ಹಿಡಿದು ಬಂದ, ಹೆಂಡತಿ ಬರೆದಿಟ್ಟು ಹೋದದ್ದು. ಅವನ ಕಣ್ಣು ಕೆಂಪಾಗಿತ್ತು.

"ಹೋದ್ಲು ಅತ್ತೆ," ಎಂದ.

"ಕೀರನ್, ಇಲ್ಲಿ ಬಾ. ಎಲ್ಲರೂ ಕೇಳಿ." ನೋರೀನ್ ಎದ್ದು ನಿಂತಳು. "ಟಿಲ್ಲಿ ಸತ್ತಿದ್ದು ನನ್ನಿಂದ. ಮಾತ್ರೆ ಬೇಡ ಅಂದೋಳೂ ನಾನೇ. ಟೆಗನ್ ಯಾವ ಅವಸರಾನೂ ಮಾಡಿರಲಿಲ್ಲ, ನಾನು ಸುಳ್ಳು ಹೇಳಿದೆ. ಮೂರು ದಿನವೂ ಟಿಲ್ಲಿ ಬಂದಿತ್ತು, ಮೂರು ದಿನವೂ ನೋಡಿದೆ. ನನ್ನ ಬೆರಳಿಗೆ ಏನೂ ತಿಳಿಯೋದಿಲ್ಲ ಕಣೋ. ಏಪ್ರಿಲ್‌ನಿಂದ ತಿಳಿಯೋದಿಲ್ಲ."

ಕೀರನ್ ಹತ್ತಿರ ಬಂದು ಅವಳ ಎರಡೂ ಕೈ ಹಿಡಿದುಕೊಂಡ.

"ಅವಳು ಇಲ್ಲಿಗೆ ಬಂದಿದ್ಲು, ಅಲ್ವಾ?"

"ಬಂದಿದ್ಲು. ಅದಕ್ಕೆ..."

"ಅತ್ಲಾ? ಗೋಗರೆದ್ಲಾ? ನಿನ್ನ ಕರುಳು ನಂಗೊತ್ತಿಲ್ವಾ ಅತ್ತೆ? ಚಿಕ್ಕೋನಿದ್ದಾಗ ನಾನು ಒಡೆದ ಕಿಟಕಿಯೆಲ್ಲ ನಿನ್ನ ಕೈಯಿಂದ ಒಡೀತು ಅಂತ ಅಪ್ಪನಿಗೆ ಹೇಳ್ತಿದ್ಯಲ್ಲ. ಈಗಲೂ ಹಂಗೇ ಮಾಡ್ತಿದೀಯ. ಅವಳ ತಪ್ಪು ನೀನ್ಯಾಕೆ ಹೊತ್ಕೋತೀಯ?"

"ಅಲ್ಲ ಕಣೋ, ದೇವರಾಣೆ! ಸೂಜಿ ತಗೊಂಡು ಚುಚ್ಚಿ ನೋಡು ಬೇಕಾದ್ರೆ! ಚುಚ್ಚು!"

"ಥೂ, ಏನು ಮಾತು ಅದು," ಎಂದು ಕೀರನ್ ಅವಳ ಕೈಯನ್ನು ತನ್ನ ಕೆನ್ನೆಗೊತ್ತಿಕೊಂಡ. ಕೆನ್ನೆ ಒದ್ದೆಯಾಗಿತ್ತು, ಅದು ಅವಳಿಗೆ ಕಣ್ಣಿನಿಂದ ನೋಡಿ ಗೊತ್ತಾಯಿತು. "ನಿನ್ನಂಥ ಮನಸ್ಸು ಅವಳಿಗೆ ಒಂದು ಪಾಲಿದ್ದಿದ್ರೂ ಸಾಕಿತ್ತು. ಹೋಗ್ಲಿ ಬಿಡು. ನಾನೇನೂ ಕರ್ಯೋಕೆ ಹೋಗಲ್ಲ."

"ಕರ್ಕೊಂಡು ಬಾರೋ! ನನ್ನ ಮಾತು ಕೇಳೋ!"

ಅವನು ಆಗಲೇ ಮೆಟ್ಟಿಲಿಳಿದು ತನ್ನ ತೋಟದ ಕಡೆ ನಡೆದಿದ್ದ. ನೋರೀನ್ ಉಳಿದವರ ಕಡೆ ತಿರುಗಿದಳು. "ನೀವಾದ್ರೂ ಕೇಳಿ. ನಾಯಿಗಳನ್ನ ಪೇಟೆಗೆ ಕರ್ಕೊಂಡು ಹೋಗಿ. ಮಾತ್ರೆ ಕೊಡಿಸಿ. ನನ್ನ ಕೈ ನಂಬಬೇಡಿ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಹೆಂಗಸು ಕಣ್ಣೊರೆಸಿಕೊಂಡಳು. "ಪಾಪ, ಆ ಹುಡುಗಿ ಎಷ್ಟು ನೋಯಿಸಿ ಹೋಗಿದಾಳೆ ನೋಡು," ಎಂದಳು.

ಮರ್ವ್ ಟ್ವೀಡಿ ನೋರೀನಳನ್ನು ಹಿಡಿದು ಕೂರಿಸಿ, ತನ್ನ ನಾಯಿಯನ್ನು ಎತ್ತಿ ಅವಳ ತೊಡೆಯ ಮೇಲಿಟ್ಟ. ಅವಳು ಅದನ್ನು ಕೆಳಗಿಳಿಸಿದಳು. ಅವನು ಮತ್ತೆ ಎತ್ತಿ ಇಟ್ಟ, ಅವಳ ಭುಜ ತಟ್ಟಿದ.

"ಸಮಾಧಾನ ಮಾಡ್ಕೊ ಮಾರಾಯ್ತಿ. ಸುಧಾರಿಸ್ಕೊಂಡು ಆಮೇಲೇ ನೋಡು," ಎಂದ. "ನಮಗೇನೂ ಅವಸರ ಇಲ್ಲ."

ಅವರೆಲ್ಲ ಜಗಲಿಯ ಉದ್ದಕ್ಕೂ ಕೂತು ಕಾಯತೊಡಗಿದರು.