ಅಳಿಯ ತೊಳೆದ ಫಿಲ್ಟರ್

ಅಲ್ಯೂಮಿನಿಯಂ ಕಿಟಕಿಗಳ ಅಂಗಡಿ ಇಟ್ಟಿದ್ದರಿಂದ ಎಲ್ಲರೂ ಅವನನ್ನು ಕಿಟಕಿಯಣ್ಣ ಎನ್ನುತ್ತಿದ್ದರು. ಆದರೆ ಅವನ ಜೀವವೆಲ್ಲ ಇದ್ದದ್ದು ಊರಾಚೆಯ ಹಾರಾಟದ ಮೈದಾನದಲ್ಲಿ, ಅಳಿಯನ ಜೊತೆ ಸೇರಿ ಕೈಯಾರೆ ಕಟ್ಟಿದ ಎರಡು ಸೀಟಿನ ಪುಟ್ಟ ವಿಮಾನದ ಮೇಲೆ. ಮೈ, ರೆಕ್ಕೆ, ಬಾಲ ಮಾವನ ಕೆಲಸ. ಎಂಜಿನ್, ಪೆಟ್ರೋಲ್ ಪೈಪು, ಫಿಲ್ಟರ್ ಅಳಿಯನ ಪಾಲು. ಅಳಿಯ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು, ನಿಧಾನಸ್ಥ, ಅಚ್ಚುಕಟ್ಟು.

ಕಟ್ಟಿ ಮುಗಿದ ಮೇಲೂ ಕಿಟಕಿಯಣ್ಣನ ಕೈ ಸುಮ್ಮನಿರುತ್ತಿರಲಿಲ್ಲ. ಸೀಟು ಬದಲಿಸಿದ, ಬಾಗಿಲಿಗೆ ಹೊಸ ಚಿಲಕ ಹಾಕಿದ. ಪೆಟ್ರೋಲ್ ಟ್ಯಾಂಕಿನ ಹಳೆಯ ಪ್ಲಾಸ್ಟಿಕ್ ಮುಚ್ಚಳ ಕಣ್ಣಿಗೆ ಚುಚ್ಚುತ್ತಿತ್ತು. ಅಂಗಡಿಯ ಲೇತ್ ಯಂತ್ರದಲ್ಲಿ ಫಳಫಳ ಹೊಳೆಯುವ ಮುಚ್ಚಳವೊಂದನ್ನು ಕಡೆದು, ಒಳಗೆ ರಬ್ಬರ್ ವಾಷರ್ ಕೂರಿಸಿ, ಬಿಗಿಯಾಗಿ ತಿರುಗಿಸಿದ. ಅಳಿಯನೇ ನೋಡಿ ಮೆಚ್ಚಲಿ ಎಂದು ಬಾಯಿಬಿಡಲಿಲ್ಲ.

ಭಾನುವಾರ ಇಬ್ಬರೂ ಹಾರಿದರು. ಮೈದಾನ ಇನ್ನೂ ಕಣ್ಣಿಗೆ ಕಾಣುತ್ತಿರುವಾಗಲೇ ಎಂಜಿನ್ ಕೆಮ್ಮಿ ನಿಂತುಹೋಯಿತು. ಕಿಟಕಿಯಣ್ಣ ಹೇಗೋ ಉತ್ತ ಹೊಲವೊಂದರಲ್ಲಿ ಇಳಿಸಿದ. ಮುಂದಿನ ಚಕ್ರ ಮುರಿಯಿತು, ಪ್ರೊಪೆಲ್ಲರ್ ಸೀಳಿತು. ಇಬ್ಬರಿಗೂ ತರಚು ಗಾಯ ಅಷ್ಟೆ. ಮೈದಾನದ ಗೆಳೆಯರು ಓಡಿಬಂದರು.

"ಏನಾಯ್ತಣ್ಣಾ?"

ಕಿಟಕಿಯಣ್ಣ ಅಳಿಯನ ಕಡೆ ಬೆರಳು ತೋರಿಸಿದ. "ಏನಾಗೋದು? ಮೊನ್ನೆ ಫಿಲ್ಟರ್ ತೊಳೆದಿದ್ದು ಇವನೇ. ಬ್ರಶ್ ಹಿಡಿಯೋನ ಕೈಗೆ ಎಂಜಿನ್ ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ!"

ಮದುವೆಯಾದಾಗಿನಿಂದ ಅಳಿಯನನ್ನು 'ನೀವು' ಎನ್ನುತ್ತಿದ್ದ ಬಾಯಿ ಅದು. ಅಳಿಯ ಹಣೆಯ ಮಣ್ಣು ಒರೆಸಿಕೊಂಡು ರಸ್ತೆಯ ಕಡೆ ನಡೆದ. ಆಮೇಲೆ ಶೆಡ್ಡಿಗೆ ತಲೆಹಾಕಲಿಲ್ಲ.

ಮುರಿದದ್ದನ್ನೆಲ್ಲ ಸರಿಮಾಡಿದ ಮೇಲೆ ಕಿಟಕಿಯಣ್ಣ ಒಬ್ಬನೇ ಎಂಜಿನ್ ಓಡಿಸಿ ನೋಡಿದ. ಫಿಲ್ಟರಿನಲ್ಲಿ ಕಸದ ಚೂರೂ ಇರಲಿಲ್ಲ. ಆದರೂ ಎಂಜಿನ್ ತುಸು ಹೊತ್ತು ಓಡಿ ನಿಂತಿತು. ಟ್ಯಾಂಕ್ ನೋಡೋಣವೆಂದು ಮುಚ್ಚಳ ತಿರುಗಿಸಿದ್ದೇ ತಡ, ಸುಯ್ಯೆಂದು ಗಾಳಿ ಒಳಗೆ ನುಗ್ಗಿತು. ಹಳೆಯ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತಿತ್ತು. ಹೊಸದಕ್ಕೆ ಅವನು ತೂತು ಕೊರೆದಿರಲಿಲ್ಲ. ಗಾಳಿ ಒಳಬಾರದೆ ಪೆಟ್ರೋಲ್ ಕೆಳಗಿಳಿದಿರಲಿಲ್ಲ.

ಕಿವಿಯವರೆಗೂ ಬಿಸಿಯೇರಿತು. ಸುತ್ತ ನೋಡಿದ, ಯಾರೂ ಇರಲಿಲ್ಲ. ಹಳೆಯ ಮುಚ್ಚಳವನ್ನು ಹುಡುಕಿ ಹಾಕಿ, ಹೊಸದನ್ನು ಅಂಗಡಿಯ ಗುಜರಿ ಡಬ್ಬಿಯ ತಳಕ್ಕೆ ತುರುಕಿದ. ಹೇಳಬೇಕು, ಆದರೆ ಇವತ್ತು ಬೇಡ ಎಂದುಕೊಂಡ. ಮರುದಿನವೂ ಹಾಗೇ ಅಂದುಕೊಂಡ.

ಒಂದು ದಿನ ಮಗಳು ಅಂಗಡಿಗೆ ಬಂದಳು. "ಅಪ್ಪಾ, ಇವರು ಬೈಕ್ ಮಾರ್ತಾರಂತೆ. ಗ್ಯಾಸ್ ಸಿಲಿಂಡರ್ ಬದಲಾಯಿಸೋಕೂ ಪಕ್ಕದ ಮನೆಯವರನ್ನ ಕರೀತಾರೆ. 'ನನ್ನ ಕೈ ನಂಬಬೇಡ, ನಿಮ್ಮಪ್ಪನ್ನ ಸಾಯಿಸಿಬಿಡ್ತಿದ್ದೆ' ಅಂತಾರೆ. ನೀನೇ ಒಂದ್ಮಾತು ಧೈರ್ಯ ಹೇಳು."

ಮಗಳ ಮುಖ ನೋಡಲಾಗದೆ ಕಿಟಕಿಯಣ್ಣ ಕೈಯಲ್ಲಿದ್ದ ಚೌಕಟ್ಟನ್ನೇ ಉಜ್ಜುತ್ತ ನಿಂತ. ಸಂಜೆ ಅಳಿಯನ ಮನೆಗೆ ಹೋದ.

"ಅಳಿಯಂದ್ರೇ, ತಪ್ಪು ನಿಮ್ಮದಲ್ಲ. ನಾನು ಹಾಕಿದ ಮುಚ್ಚಳದ್ದು." ನಡೆದದ್ದನ್ನೆಲ್ಲ ಹೇಳಿದ.

ಅಳಿಯ ತನ್ನ ಅಂಗೈಗಳನ್ನೇ ನೋಡುತ್ತ ಕೇಳಿಸಿಕೊಂಡ. "ನಿಮಗೆ ಗೊತ್ತಾಗಿದ್ದು ಯಾವಾಗ, ಮಾವ?"

ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. "ತಿಂಗಳಾಯ್ತು."

"ಮುಚ್ಚಳ ಬಿಡಿ, ಅದು ಯಾರಿಂದ್ಲಾದ್ರೂ ಆಗುತ್ತೆ. ಆದ್ರೆ ಈ ತಿಂಗಳಿಡೀ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ."

ಬಾಗಿಲಲ್ಲಿ ನಿಂತಿದ್ದ ಮಗಳು ಮುಖ ತಿರುಗಿಸಿ ಒಳಗೆ ಹೋದಳು. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಕಿಟಕಿಯಣ್ಣನಿಗೆ.

"ನಾನೇನು ಮಾಡ್ಲಿ, ಹೇಳಿ."

"ಯಾರ ಮುಂದೆ ಅಂದ್ರೋ, ಅವರ ಮುಂದೇನೇ ಹೇಳಿ."

ಮುಂದಿನ ಭಾನುವಾರ ಗೆಳೆಯರೆಲ್ಲ ಶೆಡ್ಡಿನ ನೆರಳಲ್ಲಿ ಚಹಾ ಕುಡಿಯುತ್ತಿದ್ದಾಗ ಕಿಟಕಿಯಣ್ಣ ಎದ್ದು ನಿಂತು ಹೇಳಿದ.

"ಕಿಟಕಿ ಮಾಡೋರಾಗಿ ಗಾಳಿಗೇ ದಾರಿ ಬಿಡ್ಲಿಲ್ವಾ ಅಣ್ಣಾ?" ಎಂದ ಒಬ್ಬ. ಎಲ್ಲರೂ ನಕ್ಕರು. ಅಳಿಯ ನಗಲಿಲ್ಲ. ಕಿಟಕಿಯಣ್ಣ ತಲೆ ತಗ್ಗಿಸಿಯೇ ನಿಂತ. ಆ ನಗು ತನಗೆ ಸಲ್ಲತಕ್ಕದ್ದೇ ಎಂದು ಅವನಿಗೆ ಗೊತ್ತಿತ್ತು.

ಎಲ್ಲರೂ ಚದುರಿದ ಮೇಲೆ ಮೆಲ್ಲಗೆ ಕೇಳಿದ, "ಒಂದು ಸುತ್ತು ಹೋಗೋಣ್ವಾ?"

"ಇವತ್ತು ಬೇಡ ಮಾವ. ಮನಸ್ಸಾದಾಗ ನಾನೇ ಹೇಳ್ತೀನಿ."

ಇಬ್ಬರೂ ಸೇರಿ ವಿಮಾನವನ್ನು ಶೆಡ್ಡಿನೊಳಗೆ ತಳ್ಳಿದರು. ಅಳಿಯನಿಗೆ ಮನಸ್ಸಾಗುವಷ್ಟರಲ್ಲಿ ಬೇಸಿಗೆ ಕಳೆದಿತ್ತು. ಅಲ್ಲಿಯವರೆಗೆ ಕಿಟಕಿಯಣ್ಣ ಮತ್ತೆ ಕರೆಯಲಿಲ್ಲ, ಒಬ್ಬನೇ ಹಾರಲೂ ಇಲ್ಲ.