ಒಲೆಯ ಹತ್ತಿರ ಅಳಬಾರದು

ಅಂಟಕ್ಕಿ ಹಿಟ್ಟಿಗೆ ಹದಿನಾರು ರಿಂಗಿಟ್, ಸಕ್ಕರೆಗೆ ಒಂಬತ್ತು, ಮೇಲೆ ಹನ್ನೆರಡು ತಾಸು ಉರಿಸುವಷ್ಟು ಸೌದೆ. ಮಲೇಷ್ಯಾದ ಪೆನಾಂಗಿನಲ್ಲಿ ನಾವು ಚೀನೀಯರು ಹೊಸವರ್ಷದ ಸಿಹಿ ಕಡುಬು ಬೇಯಿಸುವಾಗ ಒಲೆಯ ಹತ್ತಿರ ಯಾರೂ ಅಳಬಾರದು. ಅತ್ತರೆ ಕಡುಬು ಗಟ್ಟಿಯಾಗುವುದಿಲ್ಲ ಎಂಬ ನಂಬಿಕೆ.

ಅವತ್ತು ಮಧ್ಯಾಹ್ನ ತಂಗಿ ಗೈಕ್ ಸಿಮ್ ಬಟ್ಟೆಗಂಟು ಹಿಡಿದು ಅಳುತ್ತ ಬಂದಳು. ಕೆನ್ನೆ ಊದಿತ್ತು.

"ಅಕ್ಕಾ, ಗಂಡ ಮತ್ತೆ ಹೊಡೆದ. ನಾಲ್ಕು ದಿನ ಇಲ್ಲೇ ಇರ್ಲಾ?"

"ಇಲ್ಲಿ ಅಳಬೇಡ ಮಾರಾಯ್ತಿ! ಹೋದ ವರ್ಷದ ಹಾಗೆ ಕಡುಬನ್ನ ಗಂಜಿ ಮಾಡಿಡ್ತೀಯಾ? ಕಡುಬು ಇಳಿಸಿದ ಮೇಲೆ ಬಾ, ಹೋಗು."

"ಅಲ್ಲೀವರೆಗೆ ಎಲ್ಲಿಗೆ ಹೋಗ್ಲಕ್ಕಾ?"

ನಾನು ಬಾಗಿಲು ಹಾಕಿದೆ.

ಸಂಜೆ ಕಡುಬು ಜೇನಿನ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಬಂತು. ಅವಳನ್ನು ಕರೆಯಲು ಹೋದರೆ ಗಂಡನ ಮನೆಯಲ್ಲೇ ಪಾತ್ರೆ ತೊಳೆಯುತ್ತಿದ್ದಳು.

"ಏನಿಲ್ಲಕ್ಕಾ, ಚೆನ್ನಾಗಿದೀನಿ" ಅಂದಳು.

ಆರು ವರ್ಷವಾಯಿತು, ಇವತ್ತಿಗೂ ಅಷ್ಟೇ ಅನ್ನುತ್ತಾಳೆ. ಕಡುಬು ಕೆಡಲಿಲ್ಲ, ತಂಗಿ ಕೈತಪ್ಪಿದಳು.