ಸಿಗ್ನಲ್ಲು ತಿನ್ನುವ ಪಾತ್ರೆಗಳು

ಮೂರನೆಯ ದೀಪ ಮಿಣುಕುತ್ತಿದೆ, ಮಿಣುಕಲಿ, ಅದು ಮಿಣುಕುತ್ತಲೇ ಇರಬೇಕು, ನಿಂತೋದ್ರೆ ನಂಗೊಂದು ಫೋನ್ ಹಾಕಿ ಸಾ ಅಂದಿದ್ದನಲ್ಲ ಪುಟ್ಟರಾಜು, ಕಂಪ್ಯೂಟರ್ ಮಾರಿದವನೂ ಅವನೇ, ಕೆಟ್ಟರೆ ಬರುವವನೂ ಅವನೇ — ನಡುಬಾಗಿಲು ತೆಗೆದಿಟ್ಟರೆ ಇಲ್ಲಿ ಕೂತೇ ಕಾಣುತ್ತದೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ನೆಟ್ಟಿನ ಆ ಬಿಳಿ ಡಬ್ಬಿ, ಎರಡು ಕೊಂಬು, ಸಾಲಾಗಿ ಹಸಿರು ದೀಪ. ಭಾನುವಾರ, ಶೆಟರ್ ಎಳೆದಿದೆ, ಕತ್ತಲಲ್ಲಿ ನೇತುಹಾಕಿದ ಸ್ಟೀಲು ಕೊಡಗಳ ಹೊಟ್ಟೆಯ ಮೇಲೆಲ್ಲ ಅದೇ ಹಸಿರು. ದೀಪ ಹಚ್ಚುವ ಹೊತ್ತಿಗೆ ಮಗಳು ಬರುತ್ತಾಳೆ, ಬರುತ್ತಾಳೆ ಅಂದರೆ ಟಿ. ನರಸೀಪುರದಿಂದ ನಂಜನಗೂಡಿಗೆ ಬಸ್ಸು ಹತ್ತಿಯಲ್ಲ, ಈ ಗಾಜಿನ ಮೇಲೆ, ಮೊದಲು ಹಣೆ, ಆಮೇಲೆ ಕಣ್ಣು, ಆಮೇಲೆ ಚೌಕ ಚೌಕವಾಗಿ ಉಳಿದದ್ದು. ಹುಟ್ಟಿನಿಂದ ಕಿವಿ ಕೇಳದ ರಮ್ಯಳಿಗೆ ಫೋನು ಯಾವ ಕೆಲಸಕ್ಕೆ, ಕೈಯಲ್ಲಿ ಮಾತಾಡುವವಳ ಕೈ ಕಾಣಬೇಕು, ಮೊಬೈಲಿಗೆ ಇಂಗ್ಲಿಷಿನಲ್ಲಿ ಏನೋ ಒತ್ತಿ ಕಳಿಸುತ್ತಾಳೆ, ಏಳನೇ ಕ್ಲಾಸು ಕನ್ನಡ ಓದಿದ ಅಪ್ಪ ಕಲ್ಲಯ್ಯ ಅದನ್ನು ಯಾರ ಹತ್ತಿರ ಓದಿಸಲಿ, ಪಕ್ಕದ ಫೋಟೋ ಸ್ಟುಡಿಯೋದವನ ಹತ್ತಿರವೇ? ಅದಕ್ಕೇ ಮಗಳ ಮದುವೆಯಾದ ವರ್ಷ ಮಲ್ಲಾಜಮ್ಮ ಎರಡು ದಿನ ಊಟ ಬಿಟ್ಟು ಗಂಡನನ್ನು ಮಣಿಸಿ ಎರಡೂ ಮನೆಗೆ ಒಂದೇ ಥರದ ಕಂಪ್ಯೂಟರು, ಒಂದೇ ಥರದ ಡಬ್ಬಿ, ಒಂದೇ ಥರದ ಕ್ಯಾಮೆರಾ, ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ ಒಂದೇ ಥರದ ಬೆರಳುದ್ದದ ಕಡ್ಡಿ ತರಿಸಿದಳು, ಡಬ್ಬಿಯಿಂದ ಗಾಳಿಯಲ್ಲಿ ಬರುವ ನೆಟ್ಟನ್ನು ಹಿಡಿದುಕೊಡುವುದು ಆ ಕಡ್ಡಿಯೇ. ಗಾಳಿಯಲ್ಲಿ ಬರೋದಾದ್ರೆ ಕಿಟಕಿ ತೆಗೀಲೇನೋ ಅಂತ ಕೇಳಿ ಕಲ್ಲಯ್ಯ ಪುಟ್ಟರಾಜುವಿನ ಕೈಯಲ್ಲಿ ನಗಿಸಿಕೊಂಡಿದ್ದ.

ಮಲ್ಲಾಜಮ್ಮ ಇದ್ದಾಗ ಈ ಕುರ್ಚಿ ಅವಳದು. ಕಲ್ಲಯ್ಯ ಹಿಂದೆ ನಿಂತಿರುತ್ತಿದ್ದ, ಹೆಗಲ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ, ತಾಯಿ ಮಗಳ ಕೈಗಳು ಮಗ್ಗದ ಲಾಳಿಯ ಹಾಗೆ ಆ ಕಡೆ ಈ ಕಡೆ, ಬಳೆಯದ್ದು ಬಿಟ್ಟರೆ ಮನೆಯಲ್ಲಿ ಸದ್ದಿಲ್ಲ, ಇದ್ದಕ್ಕಿದ್ದ ಹಾಗೆ ನಗು, ಏನಂತೆ, ಏನಂತೆ ಅಂತ ಇವನು, ಸುಮ್ನಿರಿ ಒಂದ್ಗಳಿಗೆ, ಆಮೇಲೆ ಹೇಳ್ತೀನಿ ಅಂತ ಅವಳು, ಆ ಆಮೇಲೆ ಒಂದು ಗಂಟೆ ಕಳೆದ ಮೇಲೆ ಬರುತ್ತಿತ್ತು, ಮೊಣಕಾಲು ಹಿಡಿದುಕೊಂಡು ಏಳುತ್ತ, ಚೆನ್ನಾಗವ್ಳಂತೆ ಕಣ್ರೀ. ಅಷ್ಟೆ. ಅಷ್ಟು ಹೊತ್ತಿನ ಮಾತಿನಲ್ಲಿ ಅಪ್ಪನ ಪಾಲಿಗೆ ಒಂದು ಚೆನ್ನಾಗವ್ಳಂತೆ. ಅವನಿಗೆ ಅದು ಸಾಕಾಗಿತ್ತು, ಅದನ್ನೇ ಉಪ್ಪಿನಕಾಯಿಯ ಹಾಗೆ ನಂಚಿಕೊಂಡು ಸಂತೋಷವಾಗಿ ಉಣ್ಣುತ್ತಿದ್ದ, ಹಿಟ್ಟು ಬೀಸಿ ಕೊಡುವವರಿದ್ದಾಗ ಬೀಸುವ ಕಲ್ಲು ಯಾವ ಮೂಲೆಯಲ್ಲಿದೆ ಅಂತ ವಿಚಾರಿಸಿದವರುಂಟೇ. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಹಾಲು ಕಾಯಿಸಲು ಎದ್ದವಳು ಒಲೆಯ ಮುಂದೆ ಕೂತಳು, ಕೂತವಳು ಏಳಲಿಲ್ಲ, ಹಾಲು ಉಕ್ಕಿ ಸೀದ ವಾಸನೆ ಅಂಗಡಿಯ ತನಕ ಬಂದ ಮೇಲೇ ಇವನು ಒಳಗೆ ಹೋದದ್ದು. ರಮ್ಯ ಬಂದು ತಾಯಿಯ ಕೈಗಳನ್ನು ಹಿಡಿದುಕೊಂಡಳು, ಎಲ್ಲರೂ ಮುಖ ನೋಡಿ ಅಳುತ್ತಿದ್ದರೆ ಅವಳು ಕೈ ನೋಡಿ ಅಳುತ್ತಿದ್ದಳು, ಸಮಾಧಿಗೆ ಒಯ್ಯುವಾಗ ಆ ಕೈ ಬಿಡಿಸುವುದಕ್ಕೆ ಇಬ್ಬರು ಹೆಂಗಸರು ಬೇಕಾದರು.

ಮಗಳು ನರಸೀಪುರಕ್ಕೆ ಹಿಂತಿರುಗಿದ ಮೇಲೆ ಮೊದಲ ಭಾನುವಾರ ಕಲ್ಲಯ್ಯ ಈ ಕುರ್ಚಿಯಲ್ಲಿ ಕೂತ, ಉಂಡೆಯಾ ಅಂತ ಬೆರಳು ಬಾಯಿಗೆ ತಂದ, ಹುಷಾರಾ ಅಂತ ಹೆಬ್ಬೆರಳು ಎತ್ತಿದ, ಮಳೆ ಬಂತಾ ಅಂತ ಬೆರಳುಗಳನ್ನು ಮೇಲಿಂದ ಕೆಳಗೆ ಉದುರಿಸಿದ, ಅವನಿಗೆ ಬರುತ್ತಿದ್ದದ್ದು ಆ ಮೂರೇ, ಮಳೆ ಯಾಕೆ ಬಂತೋ ಆ ಮೂರರಲ್ಲಿ, ಸುಡು ಬೇಸಿಗೆ. ಮಗಳು ಏನೋ ಹೇಳತೊಡಗಿದಳು, ಅರ್ಥವಾಗಲಿಲ್ಲ, ಬಾಯಲ್ಲಿ ಹೇಳವ್ವ, ಬಾಯಲ್ಲಿ, ಅಂತ ಇವನು ಕೂಗಿದ, ಕೂಗಿದರೆ ಕೇಳುತ್ತದೆ ಅಂತ ಇನ್ನೂ ಜೋರಾಗಿ — ಚಿತ್ರ ನಿಂತಿತು, ಆಮೇಲೆ ಕಪ್ಪಾಯಿತು. ಮುಂದಿನ ಭಾನುವಾರವೂ ಹಾಗೇ, ಅದರ ಮುಂದಿನದೂ ಹಾಗೇ, ಉಂಡೆಯಾ, ಹುಷಾರಾ, ಮಳೆ, ಠಪ್ಪನೆ ನೆಟ್ಟು ಹೋಯಿತು. ನೆಟ್ಟೇ ಕೆಟ್ಟಿದೆ, ಇನ್ನೇನು. ಪುಟ್ಟರಾಜು ಬಂದ, ಫೋನಿನ ಲೈನು ನೋಡಿದ, ಲೈನ್ ಕ್ಲೀನಾಗಿ ಅದೆ ಸಾ, ಫ್ರಿಜ್ಜಿನ ಪಕ್ಕದಲ್ಲಿದ್ದ ಡಬ್ಬಿಯನ್ನು ಗಲ್ಲಾದ ಮೇಲಕ್ಕೆ ತಂದ, ನಿಲುವುಗನ್ನಡಿ ತೆಗೆಸಿದ, ಚಾನೆಲ್ಲು ಬದಲಾಯಿಸಿದ, ಅದೇನು ಚಾನೆಲ್ಲೋ, ಟೀವಿಯದ್ದಲ್ಲವಂತೆ, ಪಕ್ಕದ ಸ್ಟುಡಿಯೋದವ್ರು ನಿಮ್ ನೆಟ್ ಕದೀತಿರ್ಬೋದು ಸಾ, ಪಾಸ್‌ವರ್ಡ್ ಚೇಂಜ್ ಮಾಡಾವ. ಪಾಸ್‌ವರ್ಡು ಮಲ್ಲಾಜಮ್ಮ ಅಂತಲೇ ಇತ್ತು. ಅಳಿಸಿ ಅಂಗಡಿಯ ಹೆಸರು ಇಟ್ಟದ್ದಾಯಿತು, ಆ ದಿನ ಸಂಜೆ ಊಟ ಸೇರಲಿಲ್ಲ. ಆದರೂ ಭಾನುವಾರ ಬಂದರೆ ಅದೇ ಹಾಡು, ಕೊನೆಗೆ ಪುಟ್ಟರಾಜು ನಡುಮನೆಯ ಮಧ್ಯೆ ನಿಂತು ಸುತ್ತ ನೋಡಿ ಹಣೆ ಚಚ್ಚಿಕೊಂಡ, ಇಲ್ಲೇ ಕಣ್ ಸಾ ಪ್ರಾಬ್ಲಮ್ಮು, ಡಬ್ಬಿಗೂ ಕಂಪ್ಯೂಟರ್‌ಗೂ ಮಧ್ಯೆ ಈ ಪಾಟಿ ಸ್ಟೀಲು ಮಡಿಕ್ಕಂಡಿದೀರಿ, ಸಿಗ್ನಲ್ನೆಲ್ಲ ಇದೇ ತಿಂದಾಕ್ತಾ ಅದೆ.

ಸ್ಟೀಲು ಅಂದರೆ ಅಡುಗೆಮನೆಯ ಗೋಡೆ. ನೆಲದಿಂದ ಜಂತೆಯ ತನಕ ಮಲ್ಲಾಜಮ್ಮನ ಪಾತ್ರೆ, ಪಾತ್ರೆ ಅಂಗಡಿಯವನ ಹೆಂಡತಿಗೆ ಪಾತ್ರೆಯ ಬರವೇ, ತಳ ತಟ್ಟಿ ನೋಡಿ ಆರಿಸಿಕೊಂಡು ಹೋಗಿ ಜೋಡಿಸುತ್ತಿದ್ದಳು, ಗಿರಾಕಿಗಳಿಗಿಂತ ಮೊದಲು ಅವಳ ಕೈಗೆ ಹೋಗಬೇಕು, ಅಕ್ಕಿ ಡಬ್ಬ, ರಾಗಿ ಡಬ್ಬ, ಇಡ್ಲಿ ಪಾತ್ರೆ, ಒಂದರೊಳಗೊಂದು ಕೂರುವ ಏಳು ಡಬರಿ, ಒಂದೊಂದರ ಕಂಠದ ಮೇಲೂ ಹೆಸರು, ಹೆಸರು ಕೊರೆಯುವ ಮೆಷಿನ್ನು ಆಗ ಹೊಸದು, ಮದುವೆಯಾದ ಹೊಸತು ಕೂಡ, ಊರಿನವರ ಪಾತ್ರೆಗೆ ಬರೀ ಮೊದಲಕ್ಷರ, ಇವಳ ಪಾತ್ರೆಗೆ ಮಾತ್ರ ಪೂರ್ತಿ ಹೆಸರು, ಸುತ್ತ ಬಳ್ಳಿ, ಬಳ್ಳಿಗೊಂದು ಹೂವು. ಅದೆಲ್ಲವನ್ನೂ ಕಲ್ಲಯ್ಯ ಒಂದು ಸೋಮವಾರ ಇಳಿಸಿದ. ಗೋಣಿಚೀಲಕ್ಕೆ ತುಂಬಿ ಹುಲ್ಲಹಳ್ಳಿಯ ತಮ್ಮನ ಮನೆಗೆ ಆಟೋದಲ್ಲಿ ಕಳಿಸಿದ, ಅಯ್ಯೋ ಅತ್ಗೆ ಪಾತ್ರೆ ಯಾಕಣ್ಣ ಕಳಿಸ್ದೆ, ಅಂತ ತಮ್ಮ ಫೋನು ಮಾಡಿದ, ನೆಟ್ ಬರ್ತಿಲ್ಲ ಕಣೋ ಅಂದ ಇವನು, ಅಣ್ಣನಿಗೆ ತಲೆ ಕೆಟ್ಟಿದೆ ಅಂತ ತಮ್ಮ ಅಂದುಕೊಂಡಿರಬೇಕು. ಗೋಡೆ ಬೋಳಾಯಿತು. ಒಂದು ತಟ್ಟೆ, ಒಂದು ಲೋಟ, ಅನ್ನಕ್ಕೊಂದು ಪಾತ್ರೆ ಉಳಿಯಿತು, ಅವು ಹೊಸವು, ಅಂಗಡಿಯವು, ಅವುಗಳ ಮೇಲೆ ಯಾರ ಹೆಸರೂ ಇಲ್ಲ. ಪುಟ್ಟರಾಜು ಕಂಪ್ಯೂಟರಿನ ಮೂಲೆಯಲ್ಲಿ ಸಿಗ್ನಲ್ಲಿನ ಏರುಗಡ್ಡಿಗಳನ್ನು ತೋರಿಸಿದ, ನೋಡಿ ಸಾ, ಈಗ ಐದಕ್ಕೆ ಐದೂ ಬಂದವೆ, ಇನ್ಮೇಲೆ ಬೆಣ್ಣೆ ಬೆಣ್ಣೆ. ಭಾನುವಾರ ಬಂತು, ಉಂಡೆಯಾ, ಹುಷಾರಾ, ಮಳೆ ಬಂತಾ, ಕಪ್ಪು.

ಹಾಗಾದರೆ ಕೆಟ್ಟಿರುವುದು ನರಸೀಪುರದ ಡಬ್ಬಿ. ಹೊಸದೊಂದು ಡಬ್ಬಿ ಕೊಂಡು ಬುಧವಾರ ಅಂಗಡಿ ಮುಚ್ಚಿ ಬಸ್ಸು ಹತ್ತಿದ, ಮಡಿಲಲ್ಲಿ ಕೂಸಿನ ಹಾಗೆ ಇಟ್ಟುಕೊಂಡು ಹೋದ. ಅಳಿಯ ಅಮೃತೇಶನೂ ಕಿವಿ ಕೇಳದವನೇ, ಪ್ರೆಸ್ಸಿನಲ್ಲಿ ಕೆಲಸ, ಮನೆಯಲ್ಲಿರಲಿಲ್ಲ, ರಮ್ಯ ಬಾಗಿಲಲ್ಲಿ ಅಪ್ಪನ ಪಾದ ಮುಟ್ಟಿ ಕಾಫಿಗೆ ಒಳಗೆ ಹೋದಳು, ಇವನು ಕಂಪ್ಯೂಟರಿನ ಮುಂದೆ ಬಗ್ಗಿ ಪುಟ್ಟರಾಜುವಿನ ಗತ್ತಿನಲ್ಲೇ ದೀಪ ಎಣಿಸುತ್ತಿದ್ದ, ಎಲ್ಲ ಉರಿಯುತ್ತಿವೆ, ಏರುಗಡ್ಡಿ ಐದಕ್ಕೆ ಐದು. ಅಳಿಯನ ತಾಯಿ ದೇವೀರಮ್ಮ ಅಲಸಂದೆಕಾಯಿ ಬಿಡಿಸುತ್ತ ಕೂತಿದ್ದರು. ಅದ್ಕೇನ್ ರೋಗ ಬಂದದು ಬೀಗ್ರೇ, ಚೆನ್ನಾಗೇ ಅದೆ, ಕವಲಂದೆಲಿ ಅವ್ಳ ಜತೆ ಸ್ಕೂಲಲ್ಲಿ ಓದಿದ್ ಗೆಣೆಕಾರ್ತಿ ನಯನ ಇದ್ದಾಳಲ್ಲ, ಆಕೆ ಜತೆ ಕುಂತ್ಕಂಡ್ರೆ ಮಧ್ಯಾನ್ದಿಂದ ಸಂಜೆಗಂಟ ಕೈ ಆಡಿಸ್ತಾನೆ ಇರ್ತಾಳೆ, ಒಂದ್ಕಿತಾನೂ ನಿಲ್ಲಕಿಲ್ಲ, ನಿಮ್ ಜತೆ ಮಾತಾಡೋವಾಗ್ಲೇ ಅದೇನೋ ಇಂದ್ಗಡೆ ಕೈ ಆಕಿ ಆ ಕಡ್ಡಿ ಕಿತ್ತುಬುಡ್ತಾಳೆ, ಆಮ್ಯಾಕೆ ತಿರ್ಗಾ ಸಿಗಸ್ತಾಳೆ, ಬಿಸಿಯಾಯ್ತದೇನೋ ಅನ್ಕಂಡಿದ್ದೆ. ಅಲಸಂದೆಕಾಳು ತಟ್ಟೆಗೆ ಬೀಳುತ್ತಲೇ ಇತ್ತು, ಆ ತಾಯಿಗೆ ತಾನು ಏನು ಹೇಳಿದೆ ಅನ್ನುವುದು ಗೊತ್ತಾಗಲಿಲ್ಲ. ಹೂಂ ಕಣಮ್ಮ, ಅಂದ ಕಲ್ಲಯ್ಯ, ಬಿಸಿಯಾಗುತ್ತೆ. ಆಮೇಲೆ ಚೆನ್ನಾಗಿದ್ದ ಡಬ್ಬಿಯನ್ನು ಬಿಚ್ಚಿ ಹೊಸದನ್ನು ಕೂರಿಸಿದ, ಎಷ್ಟು ಹೊತ್ತು ಬೇಕೋ ಅದಕ್ಕಿಂತ ಹೆಚ್ಚು ಹೊತ್ತು ಗೋಡೆಗೆ ಮುಖ ಮಾಡಿ ಕೂರಿಸಿದ, ಮಗಳು ಕಾಫಿ ತಂದಾಗ ಹೆಬ್ಬೆರಳು ಎತ್ತಿ ತೋರಿಸಿದ, ಸರಿಹೋಯಿತು ಅಂತ. ಅವಳೂ ಹೆಬ್ಬೆರಳು ಎತ್ತಿದಳು, ಎತ್ತಿ ಬೇರೆ ಕಡೆ ನೋಡಿದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದಾಯಿತಲ್ಲ. ಬಸ್ಸು ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಕೊಂಡು ತೆವಳುತ್ತಿತ್ತು, ಮಡಿಲಲ್ಲಿ ಹಳೆಯ ಡಬ್ಬಿ, ಯಾವ ಪಾಪವೂ ಮಾಡದ್ದು. ಸಿಟ್ಟು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು, ಅಳಬೇಕು ಅಂದರೆ ಪಕ್ಕದಲ್ಲಿ ತಗಡೂರಿನ ಪರಿಚಯದವನು ಕೂತಿದ್ದಾನೆ. ಏನು ಮಾತಾಡುತ್ತಾಳೆ ಅವಳಾದರೂ ಅಪ್ಪನ ಜೊತೆ, ಉಂಡೆಯಾ ಅಂದರೆ ಉಂಡೆ, ತಾಯಿ ಸತ್ತ ಹುಡುಗಿ, ಹೊಟ್ಟೆಯಲ್ಲಿ ಎಷ್ಟಿದೆಯೋ, ಎದುರಿಗೆ ಕೂತವನು ಮಳೆ ಬಂತಾ ಅನ್ನುತ್ತಾನೆ. ಕೈಮಾತು ಬಿಡಿಸಿ, ಬಾಯಲ್ಲಿ ಹೇಳಿಸಿ, ಇಲ್ಲದಿದ್ದರೆ ನಾಲಗೆ ಹೊರಳುವುದಿಲ್ಲ ಅಂತ ಯಾರೋ ಡಾಕ್ಟರು ಹೇಳಿದ್ದರು, ಅವಳಿಗಾಗ ಐದೋ ಆರೋ, ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಅಪ್ಪನ ಪಂಚೆ ಜಗ್ಗಿ ಏನೋ ಹೇಳಲು ಕೈ ಎತ್ತಿದರೆ ಆ ಎರಡು ಪುಟ್ಟ ಕೈಗಳನ್ನು ಹಿಡಿದು ಕೆಳಗೆ ಒತ್ತುತ್ತಿದ್ದ, ಬಾಯಲ್ಲಿ, ಅಪ್ಪ ಅನ್ನು, ಅಪ್ಪ. ಕೈ ಒಳಗೊಳಗೇ ಕೊಸರಾಡುತ್ತಿತ್ತು, ಗುಬ್ಬಚ್ಚಿ ಹಿಡಿದ ಹಾಗೆ. ಆಮೇಲೆ ಕೊಸರಾಡುವುದು ನಿಂತಿತು, ಆಮೇಲೆ ಅವಳು ಅಂಗಡಿಗೆ ಬರುವುದು ನಿಂತಿತು, ಅಡುಗೆಮನೆಯಲ್ಲಿ ತಾಯಿಯ ಹತ್ತಿರ ಹೋದಳು, ಮೈಸೂರಿನ ಸ್ಕೂಲಿನಿಂದ ರಜಕ್ಕೆ ಬಂದಾಗಲೆಲ್ಲ ಒಲೆಯ ಮುಂದೆ ತಾಯಿಗೇ ಕೈಮಾತಿನ ಪಾಠ ಹೇಳಿಕೊಟ್ಟಳು, ಬಾಗಿಲಲ್ಲಿ ನಿಂತು ನೋಡಿದ್ದಾನೆ, ಒಳಗೆ ಹೋಗಿ ನಂಗೂ ಹೇಳ್ಕೊಡವ್ವ ಅನ್ನುವುದಕ್ಕೆ ಏನಾಗಿತ್ತು, ವ್ಯಾಪಾರ ಇತ್ತು. ಈಗ ಅಪ್ಪನಿಗೆ ನೋವಾಗಬಾರದು ಅಂತ ತಪ್ಪನ್ನು ನೆಟ್ಟಿನ ತಲೆಗೆ ಕಟ್ಟಿ ಮೆತ್ತಗೆ ಕಡ್ಡಿ ಕೀಳುತ್ತಾಳೆ, ಅಷ್ಟು ಮರ್ಯಾದೆ ಇಟ್ಟಿದ್ದಾಳಲ್ಲ, ಮಲ್ಲಾಜಮ್ಮ ಹೆತ್ತ ಮಗಳು.

ಟೊಣ್ ಅಂತು ಕಂಪ್ಯೂಟರು, ದೀಪ ಹಚ್ಚುವ ಹೊತ್ತಾಯಿತು, ಬಂದಳು, ಹಣೆ, ಕಣ್ಣು, ನೀಲಿ ಸೀರೆಯೇನೋ, ಹಸಿರೂ ಇರಬಹುದು. ಉಂಡೆಯಾ. ಉಂಡೆ. ಹುಷಾರಾ. ಹುಷಾರು, ನೀವು? ಹುಷಾರು. ಮಳೆ — ಬೇಡ, ಮಳೆ ಕೇಳಬೇಡ, ಆದರೆ ಬೇರೆ ಏನೂ ಇಲ್ಲವಲ್ಲ, ಬೆರಳು ತಾವಾಗಿಯೇ ಉದುರಿದವು, ಇಲ್ಲ ಅಂತ ಅವಳು ತಲೆಯಾಡಿಸಿದಳು. ಇದೇ ಆ ಹೊತ್ತು, ಇನ್ನೇನು ಹಿಂದುಗಡೆಗೆ ಕೈ ಹೋಗುತ್ತದೆ, ಅವಳ ಭುಜ ಅಲುಗಿತು, ಬೇಡ ಕಣವ್ವ, ಪ್ರತಿ ವಾರವೂ ಅಪ್ಪನಿಗೆ ಸುಳ್ಳು ಹೇಳುವ ಸಂಕಟ ನಿನಗೆ ಬೇಡ, ಬುಧವಾರದಿಂದ ಇದನ್ನೇ ಯೋಚಿಸಿಟ್ಟುಕೊಂಡಿದ್ದಾನೆ, ಈ ಸಲ ನೆಟ್ಟು ನಂಜನಗೂಡಿನಲ್ಲಿ ಹೋಗಲಿ, ತಪ್ಪು ನನ್ನ ಕಡೆಯದಾಗಲಿ, ಕೈ ಕಂಪ್ಯೂಟರಿನ ಬೆನ್ನಿಗೆ ಹೋಯಿತು, ಕಡ್ಡಿ ಸಿಕ್ಕಿತು, ಕಿತ್ತ. ಚಿತ್ರ ನಿಂತಿತು, ಕಪ್ಪಾಗಲಿಲ್ಲ, ನಿಂತೇ ಇದೆ. ಅವಳ ಕೈ ಹಿಂದಕ್ಕೆ ಹೋಗಿಲ್ಲ. ಎರಡು ಕೈಯೂ ಮುಂದೆಯೇ ಇವೆ, ಎದೆಯ ಮಟ್ಟಕ್ಕೆ ಎತ್ತಿದ್ದಾಳೆ, ಬೆರಳು ಬಿಚ್ಚಿದೆ, ತುಟಿ ಚೂರು ತೆರೆದಿದೆ, ಕಣ್ಣು ನೇರ ಅಪ್ಪನ ಮೇಲೆ. ಏನೋ ಹೇಳಲು ಹೊರಟಿದ್ದಳು. ಉಂಡೆ ಅಲ್ಲ, ಹುಷಾರು ಅಲ್ಲ, ದೊಡ್ಡದೇನೋ, ಎರಡು ಕೈ ಬೇಕಾಗುವಂಥದ್ದು, ಯಾವ ಮಾತು ಹೀಗೆ ಶುರುವಾಗುತ್ತದೆ, ಅಮ್ಮನ ಬಗ್ಗೆಯೋ, ಬಸುರಿಯೋ, ತಪ್ಪಾಯಿತು ಅಂತಲೋ, ಬನ್ನಿ ಅಂತಲೋ, ಮಲ್ಲಾ, ಏನಂತೆ, ಏನಂತೆ ಮಲ್ಲಾ, ಹಿಂದೆ ಯಾರೂ ಇಲ್ಲ, ಬೋಳು ಗೋಡೆ. ಕಡ್ಡಿ ಸಿಕ್ಕಿಸಬೇಕು, ಸಿಕ್ಕಿಸಿದರೆ ಈ ಚಿತ್ರ ಹೋಗುತ್ತದೆ, ಅವಳು ಮತ್ತೆ ಬಂದಾಳೋ, ಬಂದರೂ ಮತ್ತೆ ಕೈ ಎತ್ತಿಯಾಳೋ, ಒತ್ತಿ ಕೆಳಗಿಳಿಸಿದೆನಲ್ಲ, ಮತ್ತೆ ಇಳಿಸಿದೆನಲ್ಲ, ಕಡ್ಡಿ ಮೇಜಿನ ಮೇಲಿಟ್ಟು ಕಲ್ಲಯ್ಯ ತನ್ನ ಎರಡು ಕೈ ಎತ್ತುತ್ತಾನೆ, ಅವಳ ಹಾಗೆಯೇ, ಎದೆಯ ಮಟ್ಟಕ್ಕೆ, ಬೆರಳು ಬಿಚ್ಚಿ, ಇಲ್ಲಿಂದ ಮುಂದೆ ಎಲ್ಲಿಗೆ ಹೋಗಬೇಕು ಕೈ, ಮೇಲಕ್ಕೋ, ಪಕ್ಕಕ್ಕೋ, ಗೊತ್ತಿಲ್ಲ, ಗಾಜಿನ ಆ ಕಡೆ ಎರಡು ಕೈ, ಈ ಕಡೆ ಎರಡು ಕೈ, ಎದೆಯ ಮಟ್ಟಕ್ಕೆ, ಬೆರಳು ಬಿಚ್ಚಿ, ಎರಡು ಕೈ —